ಅಳಿಸಿಹೋದ ಕಂತುಗಳು: ‘ಡಾಕ್ಟರ್ ಹೂ’ ಕಥಾಮಾಲೆಯ ನಾಶ, ಶೋಧ ಮತ್ತು ಪುನರ್ವಿಮರ್ಶೆ

ನಷ್ಟವಾದ ಕೃತಿಯೊಂದನ್ನು ಕುರಿತು ಇತಿಹಾಸಕಾರನು ತೀರ್ಪು ಹೇಳಬಹುದೆ? ಹೇಳಬಹುದಾದರೆ ಯಾವ ಆಧಾರದ ಮೇಲೆ? ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಅಪರಿಚಿತವಾದುದೇನಲ್ಲ. ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳು ಹೆಸರುಮಾತ್ರದಿಂದ ನಮಗೆ ಗೊತ್ತು, ಒಂದನೆಯ ಗುಣವರ್ಮನ ‘ಶೂದ್ರಕ’ವಾದರೋ ಸಂಕಲನಕಾರರು ಎತ್ತಿಕೊಂಡ ಪದ್ಯಗಳಲ್ಲಿ ಮಾತ್ರ ಉಳಿದಿದೆ. ಓಲೆಗರಿಯನ್ನು ಗೆದ್ದಲು ತಿಂದಿತೆಂದರೆ ಯಾರೂ ಬೆರಗಾಗುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಲಕ್ಷಾಂತರ ಜನರು ಮನೆಯಲ್ಲಿ ಕುಳಿತು ನೋಡಿದ ಕೃತಿಯೊಂದು, ಅದನ್ನು ನಿರ್ಮಿಸಿದ ಸಂಸ್ಥೆಯ ಕೈಯಿಂದಲೇ ಅಳಿದುಹೋಯಿತೆಂದರೆ ಅದು ವಿಚಾರಾರ್ಹವಾದ ಸಂಗತಿ. ಬ್ರಿಟನ್ನಿನ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಟೆಲಿವಿಷನ್ ಕಥಾಮಾಲೆಯ ಮೊದಲ ಆರು ವರ್ಷಗಳ ಕಂತುಗಳಿಗೆ ಒದಗಿದ ಗತಿ ಇದು. ಆ ಕಂತುಗಳು ಹೇಗೆ ಹೋದುವು, ಹೇಗೆ ಕೆಲವು ಮರಳಿ ಬಂದುವು, ಮರಳಿ ಬಂದಾಗ ಅವುಗಳನ್ನು ಕುರಿತ ಹಳೆಯ ಅಭಿಪ್ರಾಯಗಳಿಗೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮಾಲೆಯ ಮೊದಲ ಕಂತು ಬಿ.ಬಿ.ಸಿ.ಯಿಂದ ಪ್ರಸಾರವಾದುದು 1963ನೆಯ ನವೆಂಬರ್ 23ನೆಯ ಶನಿವಾರ ಸಂಜೆ. ಅದರ ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಕೊಲೆಯಾಗಿದ್ದಿತು. ಆದಕಾರಣ ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಇದನ್ನು ಇನ್ನೊಮ್ಮೆ ತೋರಿಸಬೇಕಾಯಿತು. ಯಾವುದೋ ಲೋಕದಿಂದ ಬಂದ ವೃದ್ಧನೊಬ್ಬನು, ಹೊರಗಿನಿಂದ ಪೋಲೀಸ್ ಟೆಲಿಫೋನ್ ಪೆಟ್ಟಿಗೆಯಂತೆ ತೋರುವ, ಒಳಗೆ ಮಾತ್ರ ಬಹು ವಿಶಾಲವಾದ ಯಂತ್ರದಲ್ಲಿ ದೇಶಕಾಲಗಳನ್ನು ದಾಟಿ ಸಂಚರಿಸುತ್ತಾನೆ. ಅವನೊಡನೆ ಅನಿವಾರ್ಯವಾಗಿ ಹೊರಟ ಇಬ್ಬರು ಶಾಲಾಶಿಕ್ಷಕರಲ್ಲಿ ಒಬ್ಬಳು ಇತಿಹಾಸವನ್ನೂ ಒಬ್ಬನು ವಿಜ್ಞಾನವನ್ನೂ ಬೋಧಿಸುವವರೆಂಬುದು ಯಾದೃಚ್ಛಿಕವಲ್ಲ. ಗತಕಾಲದ ಕಥೆಯೊಂದು, ಭವಿಷ್ಯದ ಕಥೆಯೊಂದು ಎಂಬ ಕ್ರಮದಿಂದ ಮಕ್ಕಳಿಗೆ ಎರಡು ವಿಷಯಗಳನ್ನೂ ರುಚಿಸುವಂತೆ ಮಾಡುವುದು ಮೂಲ ಯೋಜನೆಯಾಗಿದ್ದಿತು.

ಯೋಜನೆಯ ಪ್ರೇರಕನು ಕೆನಡಾದಿಂದ ಬಂದಿದ್ದ ಸಿಡ್ನಿ ನ್ಯೂಮನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ; ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್‌ಗೆ 24. ಈತನು 1938ರಲ್ಲಿ ಲಖನೌದಲ್ಲಿ ಹುಟ್ಟಿದವನು. ಇಂಗ್ಲಿಷಿನಲ್ಲಿ ಕಾದಂಬರಿ, ಕಥೆಗಳನ್ನು ಬರೆದ ಅತ್ತಿಯಾ ಹುಸೇನ್ ಅವರ ಮಗ. ಈತನ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಯೋಜನವಿದೆ. ಮೊದಲ ಕಂತನ್ನು ಒಮ್ಮೆ ಚಿತ್ರಿಸಿದಾಗ ನ್ಯೂಮನ್‌ನಿಗೆ ಅದು ತೃಪ್ತಿಕೊಡಲಿಲ್ಲ. ಪುನಃ ಚಿತ್ರಿಸಬೇಕೆಂದು ಆಜ್ಞಾಪಿಸಿದನು. ಹೀಗೆ ತಿರಸ್ಕೃತವಾದ ಆ ಮೊದಲ ಪ್ರತಿ ಇಂದಿಗೂ ಉಳಿದಿದೆ. ಅಂಗೀಕೃತವಾಗಿ, ಪ್ರಸಾರವಾಗಿ, ಮೆಚ್ಚುಗೆ ಪಡೆದ ಎಷ್ಟೋ ಕಂತುಗಳು ಉಳಿದಿಲ್ಲ.

ನಾಶದ ಕಾರಣವನ್ನು ದುರುದ್ದೇಶದಲ್ಲಿ ಹುಡುಕುವುದು ವ್ಯರ್ಥ. ಅಂದಿನ ಕಂತುಗಳನ್ನು ಎರಡು ಅಂಗುಲ ಅಗಲದ ಕಾಂತೀಯ ಟೇಪಿನ ಮೇಲೆ ದಾಖಲಿಸುತ್ತಿದ್ದರು. ಟೇಪು ಬಹು ದುಬಾರಿ. ಆದರೆ ಅಳಿಸಿ ಮತ್ತೆ ಬಳಸಬಹುದಾದ ವಸ್ತು. ನಟರ ಸಂಘದೊಡನೆ ಇದ್ದ ಒಪ್ಪಂದದ ಮೇರೆಗೆ ಮರುಪ್ರಸಾರಕ್ಕೆ ಮಿತಿಯಿದ್ದಿತು. ಆ ಮಿತಿ ಕಳೆದ ಮೇಲೆ ಟೇಪು ಕೇವಲ ಕಪಾಟಿನ ಜಾಗವನ್ನು ತಿನ್ನುವ ಸರಕಾಗುತ್ತಿದ್ದಿತು. 1970ರಿಂದ ಮಾಲೆ ವರ್ಣದಲ್ಲಿ ಬರತೊಡಗಿದಾಗ ಕಪ್ಪು-ಬಿಳುಪಿನ ಹಳೆಯ ಕಂತುಗಳನ್ನು ಕೇಳುವವರೇ ಇಲ್ಲವಾದರು. ಸಂಸ್ಥೆಯ ಫಿಲ್ಮು ಭಂಡಾರವು ಫಿಲ್ಮಿನ ಮೇಲೆ ತಯಾರಾದುದನ್ನು ಕಾಪಾಡುವುದಷ್ಟೇ ತನ್ನ ಕರ್ತವ್ಯವೆಂದು ತಿಳಿದಿದ್ದಿತು; ಟೇಪು ಅದರ ಪಾಲಿಗೆ ಪರರ ಸೊತ್ತು. ಇತ್ತ, ವಿದೇಶಗಳಿಗೆ ಮಾರುವುದಕ್ಕಾಗಿ 16 ಮಿಲಿಮೀಟರ್ ಫಿಲ್ಮಿನ ಮೇಲೆ ಪ್ರತಿಗಳನ್ನು ತೆಗೆಯುತ್ತಿದ್ದ ಮಾರಾಟದ ವಿಭಾಗವು, ಒಪ್ಪಂದದ ಅವಧಿ ತೀರಿದೊಡನೆ ತನ್ನ ಪ್ರತಿಗಳನ್ನು ಸುಡಿಸುತ್ತಿದ್ದಿತು. ಮೂಲ ಟೇಪು ಹೇಗೂ ಬೇರೆ ಕಡೆ ಇದೆಯೆಂಬ ನಂಬಿಕೆ ಅದಕ್ಕೆ. ಟೇಪನ್ನು ಅಳಿಸುತ್ತಿದ್ದವರಿಗೆ ಫಿಲ್ಮಿನ ಪ್ರತಿ ಇದೆಯೆಂಬ ನಂಬಿಕೆ. ಇಬ್ಬರು ಕಾವಲುಗಾರರಲ್ಲಿ ಒಬ್ಬೊಬ್ಬನೂ ಇನ್ನೊಬ್ಬನು ಎಚ್ಚರವಾಗಿದ್ದಾನೆಂದು ಭಾವಿಸಿ ಮಲಗಿದಂತಾಯಿತು.

1978ರಲ್ಲಿ ಈ ಪದ್ಧತಿ ನಿಂತಿತು. ಆ ವರ್ಷ ಬಿ.ಬಿ.ಸಿ.ಯು ತನ್ನ ಟೆಲಿವಿಷನ್ ದಾಖಲೆಗಳಲ್ಲಿ ರಕ್ಷಿಸತಕ್ಕವು ಯಾವುವೆಂದು ಆರಿಸುವುದಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿತು. ಆ ಹುದ್ದೆಗೆ ಬಂದ ಸೂ ಮಾಲ್ಡನ್ ಎಂಬಾಕೆ, ಕಾರ್ಯಕ್ರಮಗಳು ಹೇಗೆ ಕಳೆದುಹೋಗುತ್ತವೆಂಬುದನ್ನು ಅರಿಯಲು ಪರೀಕ್ಷಾರ್ಥವಾಗಿ ಆರಿಸಿಕೊಂಡದ್ದು ಇದೇ ಮಾಲೆಯನ್ನು. 1963ರಿಂದ 1969ರವರೆಗೆ ಪ್ರಸಾರವಾದ ಕಂತುಗಳು 253. ಆಗ ಇಲ್ಲವಾಗಿದ್ದವುಗಳ ಪಟ್ಟಿ ಬಹು ದೊಡ್ಡದಾಗಿದ್ದಿತು. ಅನಂತರದ ಶೋಧಗಳಿಂದ ಅದು ಇಳಿಯುತ್ತ ಬಂದು, 2013ರ ಶೋಧವು ಪ್ರಕಟವಾದಾಗ 97ಕ್ಕೆ ನಿಂತಿತು.

ದೊರೆತ ಕಂತುಗಳ ಜಾಡನ್ನು ನೋಡಿದರೆ, ಕೃತಿಯನ್ನು ಉಳಿಸಿದ್ದು ಭಂಡಾರವಲ್ಲ, ಮಾರಾಟವೆಂಬುದು ವಿದಿತವಾಗುತ್ತದೆ. ಪ್ರತಿಯನ್ನು ಕೊಂಡ ದೇಶವು ಪ್ರಸಾರದ ಬಳಿಕ ಅದನ್ನು ಹಿಂದಿರುಗಿಸಬೇಕು, ನಾಶಮಾಡಬೇಕು, ಇಲ್ಲವೆ ಮುಂದಿನ ದೇಶಕ್ಕೆ ಕಳುಹಿಸಬೇಕು ಎಂಬುದು ನಿಯಮ. ಎಲ್ಲೆಲ್ಲಿ ಈ ನಿಯಮವನ್ನು ಯಾರೋ ಗುಮಾಸ್ತರು ಮರೆತರೋ ಅಲ್ಲಲ್ಲಿ ಕೃತಿ ಬದುಕಿತು. ಸೈಪ್ರಸ್, ನೈಜೀರಿಯ, ಹಾಂಗ್‌ಕಾಂಗ್‌ಗಳಿಂದ ಕಂತುಗಳು ಬಂದುವು. 1983ರಲ್ಲಿ ಎರಡು ಕಂತುಗಳು ಲಂಡನ್ನಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಸಿಕ್ಕಿದುವು. ಮೂರನೆಯ ಧರ್ಮಯುದ್ಧದ ಕಾಲದ ಕಥೆಯಾದ ‘ದಿ ಕ್ರುಸೇಡ್’ನ ಮೊದಲ ಕಂತು 1999ರಲ್ಲಿ ನ್ಯೂಜಿಲೆಂಡಿನ ಫಿಲ್ಮು ಸಂಗ್ರಾಹಕನೊಬ್ಬನ ಬಳಿ ಕಾಣಿಸಿಕೊಂಡಿತು. ವಿಧೇಯತೆಯಿಂದ ಕೆಲಸಮಾಡಿದ ಕಚೇರಿಗಳಿಂದ ಇತಿಹಾಸಕ್ಕೆ ಏನೂ ದಕ್ಕಲಿಲ್ಲವೆಂದು ಬರೆಯಲು ಸಂಕೋಚವಾಗುತ್ತದೆ. ಆದರೂ ಸಂಗತಿ ಹಾಗಿದೆ.

ಇನ್ನು ವಿಮರ್ಶೆಯ ಪ್ರಶ್ನೆ. ಇದಕ್ಕೆ ಎರಡು ನಿದರ್ಶನಗಳನ್ನು ತುಸು ವಿಸ್ತಾರವಾಗಿ ನೋಡಬೇಕು.

ಮೊದಲನೆಯದು 1967ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’, ನಾಲ್ಕು ಕಂತುಗಳ ಕಥೆ. ಹಿಮದಡಿಯ ಸಮಾಧಿಯ ಕೋಶಗಳನ್ನು ಸೀಳಿಕೊಂಡು ಲೋಹಮಾನವರು ಹೊರಬರುವ ದೃಶ್ಯವನ್ನು ಬಾಲ್ಯದಲ್ಲಿ ಕಂಡವರು ಮರೆತಿರಲಿಲ್ಲ. ನಾಲ್ಕು ಕಂತುಗಳೂ ನಷ್ಟವಾಗಿದ್ದುದರಿಂದ ಅವರ ನೆನಪನ್ನು ಪ್ರಶ್ನಿಸುವ ಸಾಧನವೂ ಇರಲಿಲ್ಲ. ಇಡೀ ಮಾಲೆಯಲ್ಲಿ ಸರ್ವಶ್ರೇಷ್ಠವಾದ ಕಥೆಗಳಲ್ಲಿ ಇದೊಂದೆಂಬ ಕೀರ್ತಿ ಬೆಳೆಯಿತು. 1992ರ ಆರಂಭದ ವೇಳೆಗೆ ನಾಲ್ಕೂ ಕಂತುಗಳು ಹಾಂಗ್‌ಕಾಂಗಿನಿಂದ ಮರಳಿದುವು. ಸಮಾಧಿಯ ದೃಶ್ಯ ನೆನಪಿನಲ್ಲಿದ್ದಷ್ಟೇ ಘನವಾಗಿದ್ದಿತು. ಆದರೆ ಅದರ ಸುತ್ತಲಿನ ಕಥೆಯಲ್ಲಿ ಸಡಿಲವಾದ ಎಡೆಗಳಿದ್ದುವು. ಬಲಶಾಲಿಯೂ ಮಿತಭಾಷಿಯೂ ಆದ ಕರಿಯ ಸೇವಕನ ಪಾತ್ರವನ್ನು ಕಲ್ಪಿಸಿದ ಬಗೆ, ಕಾಲಾಂತರದಲ್ಲಿ ನೋಡಿದವರಿಗೆ ಕಸಿವಿಸಿಯುಂಟುಮಾಡಿತು. ನೆನಪು ಸುಳ್ಳು ಹೇಳಿರಲಿಲ್ಲ. ತನಗೆ ಬೇಕಾದುದನ್ನು ಮಾತ್ರ ಹೇಳಿದ್ದಿತು.

ಎರಡನೆಯದು ಇದಕ್ಕೆ ವಿಪರ್ಯಾಸವಾದುದು. 1967ರ ಡಿಸೆಂಬರಿನಿಂದ 1968ರ ಜನವರಿಯವರೆಗೆ ಬಂದ ‘ದಿ ಎನಿಮಿ ಆಫ್ ದಿ ವರ್ಲ್ಡ್’ ಆರು ಕಂತುಗಳ ಕಥೆ. ಎರಡನೆಯ ಡಾಕ್ಟರನಾದ ಪ್ಯಾಟ್ರಿಕ್ ಟ್ರೌಟನ್ ಇದರಲ್ಲಿ ನಾಯಕನಾಗಿಯೂ, ರೂಪದಲ್ಲಿ ಅವನಂತೆಯೇ ಇರುವ ಸಾಲಮಾಂಡರ್ ಎಂಬ ಖಳನಾಗಿಯೂ ನಟಿಸಿದನು. ದಶಕಗಳ ಕಾಲ ಉಳಿದಿದ್ದುದು ಮೂರನೆಯ ಕಂತೊಂದೇ. ಆ ಕಂತಿನಲ್ಲಿ ಮೊಗಸಾಲೆ, ಅಡುಗೆಮನೆ, ಗೊಣಗುವ ಬಾಣಸಿಗ ಇವೇ ಹೆಚ್ಚಿನ ಸ್ಥಳವನ್ನು ಆಕ್ರಮಿಸಿವೆ. ಇದೊಂದನ್ನೇ ನೋಡಿ, ಕಥೆ ನಿಧಾನವಾದುದೂ ಜಡವಾದುದೂ ಆಗಿದ್ದಿರಬೇಕೆಂದು ಹಲವರು ಊಹಿಸಿದರು. ಊಹೆ ಕ್ರಮೇಣ ನಿರ್ಣಯವಾಯಿತು. 2013ರಲ್ಲಿ ಫಿಲಿಪ್ ಮಾರಿಸ್ ಎಂಬ ಶೋಧಕನು ನೈಜೀರಿಯದ ಜೋಸ್ ನಗರದ ಟೆಲಿವಿಷನ್ ಕೇಂದ್ರದಲ್ಲಿ ಪತ್ತೆಮಾಡಿದ್ದ ಫಿಲ್ಮುಗಳ ಸುದ್ದಿ ಆ ಅಕ್ಟೋಬರಿನಲ್ಲಿ ಹೊರಬಿದ್ದಿತು. ಅವುಗಳಲ್ಲಿ ಈ ಕಥೆಯ ಉಳಿದ ಐದು ಕಂತುಗಳೂ ಇದ್ದುವು. ಮೊದಲ ಕಂತು ತೆರೆದುಕೊಳ್ಳುವುದೇ ಕಡಲತೀರದಲ್ಲಿ. ಹೋವರ್‌ಕ್ರಾಫ್ಟ್, ಹೆಲಿಕಾಪ್ಟರುಗಳ ಬೆನ್ನಟ್ಟುವಿಕೆ ಅಲ್ಲಿದೆ. ಟ್ರೌಟನ್ನನ ದ್ವಿಪಾತ್ರದ ಸೂಕ್ಷ್ಮಗಳು ಆಗ ಮೊದಲ ಬಾರಿಗೆ ಪೂರ್ಣವಾಗಿ ಗೋಚರವಾದುವು. ಅಲಕ್ಷಿತವಾಗಿದ್ದ ಕಥೆಗೆ ಗೌರವದ ಸ್ಥಾನ ದೊರೆಯಿತು. ಆರರಲ್ಲಿ ಒಂದನ್ನು ಕಂಡು ಆರನ್ನೂ ಅಳೆದಿದ್ದರು. ಕಾಲಾವಶೇಷವಾದ ಆ ಒಂದು, ಮಿಕ್ಕ ಐದರ ಪ್ರತಿನಿಧಿಯಾಗಿರಲಿಲ್ಲ. ಕಾವ್ಯದ ಮೂರು ಆಶ್ವಾಸಗಳು ಮಾತ್ರ ಸಿಕ್ಕಿ, ಅವೂ ಅಷ್ಟಾದಶವರ್ಣನೆಗಳೇ ಆಗಿದ್ದರೆ ಕವಿಗೆ ಕಥನಶಕ್ತಿಯಿಲ್ಲವೆಂದು ನಾವು ಬರೆದುಬಿಡುವುದಿಲ್ಲವೆ?

ಉಳಿಯುವುದು ಯಾವುದು ಎಂಬುದಕ್ಕೆ ಇನ್ನೊಂದು ವಿಚಿತ್ರ ಸಾಕ್ಷ್ಯ ಆಸ್ಟ್ರೇಲಿಯದ್ದು. ಮಕ್ಕಳಿಗೆ ಭೀಕರವೆಂದು ಅಲ್ಲಿನ ಸೆನ್ಸಾರು ಅಧಿಕಾರಿಗಳು ಫಿಲ್ಮಿನಿಂದ ಕತ್ತರಿಸಿ ತೆಗೆದ ತುಣುಕುಗಳು ಸರ್ಕಾರಿ ಕಡತದೊಡನೆ ಸುರಕ್ಷಿತವಾಗಿದ್ದು, 1996ರಲ್ಲಿ ಆ ದೇಶದ ರಾಷ್ಟ್ರೀಯ ದಾಖಲಾಗಾರದಲ್ಲಿ ದೊರೆತುವು. ಎಷ್ಟೋ ಕಂತುಗಳ ಪೂರ್ಣರೂಪ ನಾಶವಾಗಿ, ಕೆಲವೇ ಕ್ಷಣಗಳ ನಿಷಿದ್ಧಭಾಗ ಮಾತ್ರ ಉಳಿಯಿತು. ಈ ತುಣುಕುಗಳನ್ನಷ್ಟೇ ನೋಡಿದವನು ಮಾಲೆಯೆಲ್ಲವೂ ಕತ್ತು ಹಿಸುಕುವುದರಿಂದಲೂ ಚೀರಾಟದಿಂದಲೂ ತುಂಬಿದ್ದಿತೆಂದು ತಿಳಿದಾನು!

ಮೂರನೆಯ ಡಾಕ್ಟರನ ಕಾಲದ ಕೆಲವು ವರ್ಣಕಂತುಗಳು ಕಪ್ಪು-ಬಿಳುಪಿನ ಫಿಲ್ಮಿನಲ್ಲಷ್ಟೇ ಉಳಿದಿದ್ದುವು. ಫಿಲ್ಮಿಗೆ ಇಳಿಸುವಾಗ ವರ್ಣಸಂಕೇತವನ್ನು ಸೋಸಿ ತೆಗೆಯದೆ ಬಿಟ್ಟಿದ್ದ ಕಡೆಗಳಲ್ಲಿ ಅದು ಅತಿಸೂಕ್ಷ್ಮವಾದ ಚುಕ್ಕೆಗಳಾಗಿ ಚಿತ್ರದ ಮೇಲೆ ಮೂಡಿತ್ತು. ಬಹುಕಾಲ ದೋಷವೆಂದೆಣಿಸಿದ್ದ ಈ ಚುಕ್ಕೆಗಳನ್ನು ಗಣಕಯಂತ್ರದ ಸಹಾಯದಿಂದ ಓದಿ, ಮೂಲದ ಬಣ್ಣವನ್ನೇ ಹೊರತೆಗೆಯುವ ವಿಧಾನ ಈ ಶತಮಾನದಲ್ಲಿ ಸಿದ್ಧವಾಯಿತು. 1971ರ ‘ದಿ ಮೈಂಡ್ ಆಫ್ ಈವಿಲ್’ 2013ರಲ್ಲಿ ಹೀಗೆ ಬಣ್ಣ ಪಡೆಯಿತು. ಅದರ ಮೊದಲ ಕಂತಿನಲ್ಲಿ ಚುಕ್ಕೆಗಳಿಲ್ಲದುದರಿಂದ ಅದಕ್ಕೆ ಕೈಯಿಂದಲೇ ಬಣ್ಣ ಕಟ್ಟಬೇಕಾಯಿತು. ಒಂದೇ ಕೃತಿಯಲ್ಲಿ ಮೂಲವೂ ಪೂರಣವೂ ಹೀಗೆ ಅಕ್ಕಪಕ್ಕದಲ್ಲಿವೆ. ನಷ್ಟವಾದ ಕಂತುಗಳಿಗೆ ಚಲಿಸುವ ಚಿತ್ರಗಳನ್ನು ಹೊಸದಾಗಿ ಬರೆದು ಕೂಡಿಸುವ ಕೆಲಸವೂ ನಡೆದಿದೆ. ಆರು ಕಂತುಗಳ ‘ದಿ ಪವರ್ ಆಫ್ ದಿ ಡಾಲೆಕ್ಸ್’ 2016ರಲ್ಲಿ ಆ ರೂಪದಲ್ಲಿ ಬಂದಿತು. ಸಾಮಾನ್ಯ ಪ್ರೇಕ್ಷಕನಿಗೆ ಇದು ಉಪಕಾರವೇ ಸರಿ. ಆದರೆ ಅಭ್ಯಾಸಿಯು ಇದನ್ನು ಸಾಕ್ಷ್ಯವೆಂದು ಉದ್ಧರಿಸಕೂಡದು. ಲುಪ್ತವಾದ ಪದ್ಯವನ್ನು ಸಂಪಾದಕನು ತಾನೇ ರಚಿಸಿ ಸೇರಿಸಿದರೆ, ಅದು ಎಷ್ಟು ಸೊಗಸಾಗಿದ್ದರೂ ಕವಿಯದಾಗುವುದಿಲ್ಲ.

ಹಾಗಾದರೆ ಸಾಕ್ಷ್ಯ ಯಾವುದು? ಚಿತ್ರ ಹೋಗಿದ್ದರೂ ನಷ್ಟವಾದ ಒಂದೊಂದು ಕಂತಿನ ಧ್ವನಿಯೂ ಉಳಿದಿದೆ. ಮನೆಯಲ್ಲಿ ಕುಳಿತು ಟೇಪ್ ರೆಕಾರ್ಡರಿನಲ್ಲಿ ಪ್ರಸಾರವನ್ನು ಹಿಡಿದಿಟ್ಟುಕೊಂಡ ಹುಡುಗರು ಇದಕ್ಕೆ ಕಾರಣರು. ಇವರಲ್ಲದೆ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕನು ಟೆಲಿವಿಷನ್ ಪರದೆಯ ಮೇಲಿನ ದೃಶ್ಯಗಳನ್ನೇ ಒಂದರ ಹಿಂದೊಂದು ತೆಗೆದು, ಚಿಕ್ಕ ಚಿತ್ರಗಳನ್ನು ನಟರಿಗೂ ನಿರ್ದೇಶಕರಿಗೂ ಮಾರುವ ವೃತ್ತಿ ನಡೆಸುತ್ತಿದ್ದನು. 1969ರಲ್ಲಿ ಅವನು ತೀರಿಕೊಂಡನು. ತಾನು ಹೊಟ್ಟೆಪಾಡಿಗೆ ತೆಗೆದ ಚಿತ್ರಗಳು ಎಷ್ಟೋ ಕೃತಿಗಳ ಏಕೈಕ ದೃಶ್ಯಾಧಾರವಾಗುವುವೆಂಬುದು ಅವನಿಗೆ ಹೊಳೆದಿರಲಾರದು.

ಈ ಎರಡು ಆಧಾರಗಳೂ ಕೂಡಿಬಂದ ಕಥೆ 1964ರ ‘ಮಾರ್ಕೋ ಪೋಲೋ’. ಏಳು ಕಂತುಗಳು, ಏಳೂ ನಷ್ಟ. ಹಲವು ದೇಶಗಳಿಗೆ ಮಾರಾಟವಾಗಿದ್ದರೂ ಇದರ ಒಂದು ಪ್ರತಿಯೂ 2013ರವರೆಗಿನ ಶೋಧಗಳಲ್ಲಿ ಸಿಗಲಿಲ್ಲ. ಕಥೆ ನಡೆಯುವುದು ಕ್ರಿ.ಶ. 1289ರಲ್ಲಿ. ಪಾಮೀರಿನ ಹಿಮದಲ್ಲಿ ಸಿಲುಕಿದ ಪಯಣಿಗರನ್ನು ಕಾಪಾಡಿದ ಮಾರ್ಕೋ, ಅವರ ವಿಚಿತ್ರ ಪೆಟ್ಟಿಗೆಯನ್ನು ಕುಬ್ಲಾಯ್ ಖಾನನಿಗೆ ಕಾಣಿಕೆಯಿತ್ತು, ಪ್ರತಿಯಾಗಿ ವೆನಿಸ್ಸಿಗೆ ಮರಳಲು ಅನುಮತಿ ಪಡೆಯಬಯಸುತ್ತಾನೆ. ಯಾತ್ರಿಕನ ದಿನಚರಿಯನ್ನು ಅವನ ದನಿಯಲ್ಲೇ ಓದಿಸಿ, ಭೂಪಟದ ಮೇಲೆ ಮಾರ್ಗವನ್ನು ತೋರಿಸಿರುವುದರಿಂದ, ಕೇವಲ ಧ್ವನಿಯನ್ನು ಕೇಳುವವನಿಗೂ ದಾರಿ ತಪ್ಪುವುದಿಲ್ಲ. ಈ ಲೇಖಕನು ಇದನ್ನು ಮೊದಲು ಅರಿತದ್ದು ಕೇಳಿಯೇ. ನೋಡಬಹುದಾದ ಎಷ್ಟೋ ಕಥೆಗಳಿಗಿಂತ ಇದು ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ಮೇಲಿನ ‘ಟೂಂಬ್’ ಕಥೆಯ ಪಾಠವನ್ನು ನೆನೆದು, ಆ ಅಭಿಪ್ರಾಯವನ್ನು ಇಲ್ಲಿ ನಿರ್ಣಯವೆಂದು ಹೇಳಲಾರೆನು. ಮಾರ್ಕೋ ಪೋಲೋನ ಪ್ರವಾಸಗ್ರಂಥದ ಮೂಲಪ್ರತಿಯೂ ಉಳಿದಿಲ್ಲವೆಂಬುದು, ಒಂದರಂತೊಂದಿಲ್ಲದ ಹಸ್ತಪ್ರತಿಗಳಿಂದಲೇ ಅದನ್ನು ನಾವು ಬಲ್ಲೆವೆಂಬುದು ಇಲ್ಲಿ ಸ್ಮರಣೀಯ.

ಈ ಕಥೆಯ ಏಳರಲ್ಲಿ ಆರು ಕಂತುಗಳನ್ನು ನಿರ್ದೇಶಿಸಿದವನು ಲಖನೌದ ವಾರಿಸ್ ಹುಸೇನನೇ. ಕ್ಯೂರಾ ತೆಗೆದ ಚಿತ್ರಗಳನ್ನು ಅವನು ಕೊಂಡು ತನ್ನ ಸ್ವಂತ ಸಂಗ್ರಹದಲ್ಲಿ ಇಟ್ಟುಕೊಂಡಿದ್ದನು. ದಶಕಗಳ ಮೇಲೆ ಅವು ಅಲ್ಲಿಂದ ಬೆಳಕಿಗೆ ಬಂದುವು. ಆದುದರಿಂದ ಆ ಆರು ಕಂತುಗಳಲ್ಲಿ ಯಾವ ಮಾತಿಗೆ ಯಾರ ಮುಖ ಹೇಗಿದ್ದಿತು, ಡೇರೆಯ ದೀಪ ಯಾವ ಕಡೆ ಉರಿಯುತ್ತಿದ್ದಿತು ಎಂಬುದನ್ನು ಧ್ವನಿಯೊಡನೆ ಹೊಂದಿಸಿ ಗೊತ್ತುಮಾಡಬಹುದಾಗಿದೆ. ನಾಲ್ಕನೆಯ ಕಂತನ್ನು ಮಾತ್ರ ಜಾನ್ ಕ್ರಾಕೆಟ್ ನಿರ್ದೇಶಿಸಿದ್ದನು. ಹುಸೇನನು ತನ್ನದಲ್ಲದ ಕಂತಿನ ಚಿತ್ರಗಳನ್ನು ಇಟ್ಟುಕೊಂಡಿರಲಿಲ್ಲ. ಆ ಒಂದು ಕಂತಿನ ಇಪ್ಪತ್ತೈದು ನಿಮಿಷಗಳಷ್ಟು ಕಾಲ, ಮಧ್ಯ ಏಷ್ಯದ ದಾರಿಯಲ್ಲಿ ಪಯಣಿಗರ ದನಿಗಳು ಕೇಳಿಸುತ್ತವೆ, ಮುಖಗಳು ಕಾಣುವುದಿಲ್ಲ.