ಡ್ಯಾಕ್ಸ್ ಸೂತ್ರ ಮತ್ತು ದತ್ತಾಂಶ ಮಾದರಿ

ಮಾರಾಟ, ಖರೀದಿ, ದಾಸ್ತಾನು, ಸಂಬಳ ಮುಂತಾದ ವ್ಯವಹಾರದ ಲೆಕ್ಕಗಳಿಂದ ವರದಿ ತಯಾರಿಸಲು ಬಳಸುವ ಸೂತ್ರಭಾಷೆಗಳಲ್ಲಿ ಡ್ಯಾಕ್ಸ್ ಪ್ರಮುಖವಾದದ್ದು. ಪೂರ್ಣ ಹೆಸರು ಡೇಟಾ ಅನಾಲಿಸಿಸ್ ಎಕ್ಸ್‌ಪ್ರೆಶನ್ಸ್. ಮೈಕ್ರೋಸಾಫ್ಟ್ ಇದನ್ನು 2010ರಲ್ಲಿ ಎಕ್ಸೆಲ್‌ನ ಪವರ್ ಪಿವಟ್ ಜೊತೆಗೆ ಹೊರತಂದಿತು; ಈಗ ಅದೇ ಕಂಪನಿಯ ಪವರ್ ಬಿಐ, ಅನಾಲಿಸಿಸ್ ಸರ್ವೀಸಸ್ ತಂತ್ರಾಂಶಗಳಲ್ಲೂ ಇದೇ ಭಾಷೆ ನಡೆಯುತ್ತದೆ. ಸೂತ್ರ ಓಡುವುದು ಪರಸ್ಪರ ಸಂಬಂಧ ಕಲ್ಪಿಸಿದ ಟೇಬಲ್‌ಗಳ ಮೇಲೆ. ಆ ಜೋಡಣೆಯೇ ದತ್ತಾಂಶ ಮಾದರಿ, ಕಚೇರಿಗಳ ಮಾತಿನಲ್ಲಿ ಡೇಟಾ ಮಾಡೆಲ್. ಮಾದರಿ ನೆಟ್ಟಗಿದ್ದರೆ ಸೂತ್ರ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಅದು ಕೆಟ್ಟಿದ್ದರೆ ನಲವತ್ತು ಸಾಲು ಬರೆದರೂ ಲೆಕ್ಕ ತಾಳೆಯಾಗುವುದಿಲ್ಲ. ಡ್ಯಾಕ್ಸ್‌ಗೆ ಇನ್ನೂ ಎರಡು ದಶಕ ತುಂಬಿಲ್ಲ. ಮಾದರಿಯ ವಿಚಾರ ಅರವತ್ತರ ದಶಕದಷ್ಟು ಹಳೆಯದು. ಆದ್ದರಿಂದ ಮೊದಲ ಮಣೆ ಮಾದರಿಗೇ ಸಲ್ಲಬೇಕು.

ಮಾದರಿಯ ಬೇರುಗಳು

ವ್ಯವಹಾರದ ಮಾಹಿತಿಯನ್ನು ಯಂತ್ರದ ನೆರವಿನಿಂದ ಬೇಕಾದವರಿಗೆ ತಲುಪಿಸುವ ವ್ಯವಸ್ಥೆಗೆ ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಹೆಸರನ್ನು ಐಬಿಎಂನ ಹಾನ್ಸ್ ಪೀಟರ್ ಲೂನ್ 1958ರ ಒಂದು ಲೇಖನದಲ್ಲಿ ಬಳಸಿದ್ದರು. ಇಂದಿನ ಅರ್ಥದಲ್ಲಿ ಅದನ್ನು ಚಲಾವಣೆಗೆ ತಂದವರು ಹೊವಾರ್ಡ್ ಡ್ರೆಸ್ನರ್, 1989ರಲ್ಲಿ. ಇವರಿಬ್ಬರ ನಡುವಿನ ಕಾಲದಲ್ಲೇ ಅಸಲಿ ಕೆಲಸ ನಡೆದಿತ್ತು. ಅಮೆರಿಕದ ಆಹಾರ ಕಂಪನಿ ಜನರಲ್ ಮಿಲ್ಸ್ ಮತ್ತು ಡಾರ್ಟ್‌ಮತ್ ಕಾಲೇಜು 1960ರ ದಶಕದಲ್ಲಿ ಕೂಡಿ ನಡೆಸಿದ ಯೋಜನೆಯೊಂದರಲ್ಲಿ ‘ಫ್ಯಾಕ್ಟ್’, ‘ಡೈಮೆನ್ಷನ್’ ಎಂಬ ವಿಂಗಡಣೆ ಬಂತು. ಎಣಿಸುವ, ಅಳೆಯುವ ಸಂಖ್ಯೆಗಳು ಒಂದು ಕಡೆ. ಅವನ್ನು ಯಾವ ಊರಿನ, ಯಾವ ತಿಂಗಳ, ಯಾವ ಸರಕಿನ ಲೆಕ್ಕ ಎಂದು ವಿವರಿಸುವ ಸಂಗತಿಗಳು ಇನ್ನೊಂದು ಕಡೆ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಅದರಿಂದ ಬೆಳೆದ ವಿನ್ಯಾಸಕ್ರಮದಲ್ಲಿ ಒಂದು ಸಂಗತಿ ಒಂದೇ ಕಡೆ ಇರಬೇಕು, ಗಿರಾಕಿಯ ವಿಳಾಸ ಹತ್ತು ಬಿಲ್‌ಗಳಲ್ಲಿ ಹತ್ತು ಸಲ ಬರಬಾರದು. ಬಿಲ್ ಬರೆಯುವವರಿಗೆ ಇದು ವರವಾಯಿತು, ವರದಿ ಕೇಳುವವರಿಗೆ ಕಷ್ಟವಾಯಿತು: ‘ಕಳೆದ ವರ್ಷ ಯಾವ ಊರಲ್ಲಿ ಯಾವ ಸರಕು ಹೋಯಿತು’ ಎಂಬ ಸಾದಾ ಪ್ರಶ್ನೆಗೂ ಹತ್ತಾರು ಟೇಬಲ್ ಜೋಡಿಸಬೇಕು. ವರದಿಗೆಂದೇ ಪ್ರತ್ಯೇಕ ಸಂಗ್ರಹ ಬೇಕೆಂದು ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ 1988ರಲ್ಲಿ ಬರೆದರು. ಬಿಲ್ ಇನ್ಮನ್ ಅವರ ಡೇಟಾ ವೇರ್‌ಹೌಸ್ ಕುರಿತ ಪುಸ್ತಕ 1992ರಲ್ಲೂ ರಾಲ್ಫ್ ಕಿಂಬಾಲ್ ಅವರ ‘ದಿ ಡೇಟಾ ವೇರ್‌ಹೌಸ್ ಟೂಲ್‌ಕಿಟ್’ 1996ರಲ್ಲೂ ಬಂದವು. ಡೇಟಾ ವೇರ್‌ಹೌಸ್ ಎಂಬ ಈ ಸಂಗ್ರಹವನ್ನು ಹೇಗೆ ಕಟ್ಟಬೇಕೆಂದು ಇನ್ಮನ್ ಮತ್ತು ಕಿಂಬಾಲ್ ಪಂಥಗಳ ನಡುವೆ ಬಹುಕಾಲ ಜಗಳ ನಡೆಯಿತು. ವರದಿ ತಯಾರಿಸುವವರ ಮೇಜಿನ ಮೇಲೆ ಗೆದ್ದದ್ದು ಕಿಂಬಾಲ್ ಅವರ ಸ್ಟಾರ್ ಸ್ಕೀಮಾ.

ಸ್ಟಾರ್ ಸ್ಕೀಮಾದ ನಡುವೆ ಇರುವ ಫ್ಯಾಕ್ಟ್ ಟೇಬಲ್ ಅಂಗಡಿಯ ಕಿರ್ದಿ ಪುಸ್ತಕ ಇದ್ದಂತೆ: ನಡೆದದ್ದನ್ನು ನಡೆದ ಹಾಗೆ ಸಾಲುಸಾಲಾಗಿ ಬರೆದದ್ದು. ಸುತ್ತಲೂ ತಾರೀಖು, ಅಂಗಡಿ, ಸರಕು, ಗಿರಾಕಿ ಎಂಬ ಡೈಮೆನ್ಷನ್ ಟೇಬಲ್‌ಗಳು. ಒಂದು ಸಾಲು ಎಂದರೆ ಏನು, ಒಂದು ಬಿಲ್ಲೋ, ಬಿಲ್ಲಿನೊಳಗಿನ ಒಂದು ಬಾಬತ್ತೋ, ದಿನದ ಒಟ್ಟು ಮೊತ್ತವೋ ಎಂಬುದನ್ನು ಫ್ಯಾಕ್ಟ್, ಡೈಮೆನ್ಷನ್‌ಗಳನ್ನು ಗೊತ್ತುಮಾಡುವ ಮೊದಲೇ ತೀರ್ಮಾನಿಸಬೇಕು ಎನ್ನುತ್ತಾರೆ ಕಿಂಬಾಲ್. ಇದನ್ನು ಮರೆತು ದಿನವಾರು ಗುರಿಯನ್ನೂ ಬಿಲ್‌ವಾರು ಮಾರಾಟವನ್ನೂ ಒಂದೇ ಟೇಬಲ್ಲಿಗೆ ತುರುಕಿದರೆ ಗುರಿಯ ಮೊತ್ತ ಬಿಲ್ಲುಗಳಷ್ಟು ಸಲ ಕೂಡಿಕೊಳ್ಳುತ್ತದೆ.

ಕಿಂಬಾಲ್ ಅವರ ಪುಸ್ತಕದ ಇನ್ನೊಂದು ಕೊಡುಗೆ, ನಿಧಾನವಾಗಿ ಬದಲಾಗುವ ಡೈಮೆನ್ಷನ್‌ಗಳ ವಿಂಗಡಣೆ. ಇದಕ್ಕೆ ಹೊಸಪೇಟೆ ಒಳ್ಳೆಯ ಉದಾಹರಣೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ‘ಹಾಸ್ಪೆಟ್’ ಹೋಗಿ ‘ಹೊಸಪೇಟೆ’ ಬಂತು. ಊರು ಅದೇ, ಬದಲಾದದ್ದು ಹೆಸರು. ಹಳೆಯದನ್ನು ಅಳಿಸಿ ಹೊಸದನ್ನು ಬರೆದರೆ ಸಾಕು. ಇದು ಕಿಂಬಾಲ್ ಹೇಳುವ ಮೊದಲನೆಯ ಬಗೆ. ಆದರೆ 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು, ಹೊಸಪೇಟೆ ಅದರ ಕೇಂದ್ರವಾಯಿತು. ಇಲ್ಲೂ ‘ಬಳ್ಳಾರಿ’ಯನ್ನು ಅಳಿಸಿ ‘ವಿಜಯನಗರ’ ಎಂದು ಬರೆದರೆ, 2019ರ ವರದಿಯನ್ನು ಇಂದು ತೆರೆದಾಗ ಬಳ್ಳಾರಿ ಜಿಲ್ಲೆಯ ಮಾರಾಟ ಅಂದು ಅಚ್ಚಾದದ್ದಕ್ಕಿಂತ ಕಡಿಮೆ ಕಾಣುತ್ತದೆ. ಅದಕ್ಕೇ ಎರಡನೆಯ ಬಗೆ: ಹೊಸಪೇಟೆಗೆ ಎರಡು ಸಾಲು, ಒಂದೊಂದಕ್ಕೂ ಯಾವಾಗಿನಿಂದ ಯಾವಾಗಿನವರೆಗೆ ಎಂಬ ತಾರೀಖು. ಮಾದರಿಯಲ್ಲಿ ಇಷ್ಟು ಮಾಡದೆ ಸೂತ್ರದಲ್ಲಿ ‘2021ಕ್ಕೆ ಮುಂಚೆಯಾದರೆ ಹೀಗೆ, ಆಮೇಲಾದರೆ ಹಾಗೆ’ ಎಂದು ಬರೆಯುತ್ತ ಹೋದವರಿಗೆ ಮುಂದಿನ ಜಿಲ್ಲೆ ಒಡೆದಾಗ ಮತ್ತೆ ಅದೇ ಪಾಡು.

ಸೆಲ್ಲಿನಿಂದ ಕ್ಯೂಬಿಗೆ

ಸೂತ್ರದ ದಾರಿ ಬೇರೆ ಕಡೆಯಿಂದ ಬಂತು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ಆಪಲ್ II ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ತಂದರು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಮೆಕಿಂಟಾಶ್‌ಗೆ ಎಕ್ಸೆಲ್ ಬಂದವು. ಇವುಗಳಲ್ಲಿ ಸೂತ್ರ ನಿಲ್ಲುವುದು ಸೆಲ್ಲಿನ ವಿಳಾಸದ ಮೇಲೆ. ಲಾಭ ಎಂದರೆ ಮಾರಾಟದಲ್ಲಿ ಖರ್ಚು ಕಳೆದದ್ದು ಎಂಬ ಒಂದೇ ವಿಚಾರ ಐದು ಸಾವಿರ ಸೆಲ್‌ಗಳಲ್ಲಿ ಐದು ಸಾವಿರ ಪ್ರತಿಯಾಗಿ ಕೂತಿರುತ್ತದೆ, ಅದರಲ್ಲೊಂದನ್ನು ಯಾರೋ ಕೈತಪ್ಪಿ ಅಳಿಸಿದರೆ ಗೊತ್ತಾಗುವುದಿಲ್ಲ. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕು ಲಂಡನ್ ಶಾಖೆಯ ವ್ಯವಹಾರದಲ್ಲಿ 600 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಆ ಬಗ್ಗೆ ಬ್ಯಾಂಕೇ ಪ್ರಕಟಿಸಿದ ತನಿಖಾ ವರದಿಯಲ್ಲಿ, ನಷ್ಟದ ಅಪಾಯ ಅಳೆಯುವ ಎಕ್ಸೆಲ್ ಹಾಳೆಯೊಂದರ ಸೂತ್ರ ಎರಡು ದರಗಳ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸುತ್ತಿತ್ತು ಎಂದಿದೆ. ನಷ್ಟಕ್ಕೆ ಅದೊಂದೇ ಕಾರಣವಲ್ಲ. ಆದರೆ ಅಪಾಯ ಇದ್ದದ್ದಕ್ಕಿಂತ ಸಣ್ಣದಾಗಿ ತೋರಿತು.

ಸೆಲ್ಲಿನ ವಿಳಾಸಕ್ಕೆ ಜೋತುಬಿದ್ದ ಸೂತ್ರದ ದೋಷಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿತ್ತು. ಲೋಟಸ್ ಕಂಪನಿಯಲ್ಲಿ ಪಿಟೋ ಸಾಲಾಸ್ ರೂಪಿಸಿದ ಇಂಪ್ರೂವ್ 1991ರಲ್ಲಿ ನೆಕ್ಸ್ಟ್ ಕಂಪ್ಯೂಟರಿಗೆ ಬಂತು. ಅದರಲ್ಲಿ ದತ್ತಾಂಶ, ಸೂತ್ರ, ನೋಟ ಮೂರೂ ಬೇರೆಬೇರೆ. ಸೂತ್ರದಲ್ಲಿ ಸೆಲ್ ವಿಳಾಸದ ಬದಲು ‘ಮಾರಾಟ’, ‘ಖರ್ಚು’ ಎಂಬ ಹೆಸರುಗಳು. ಇಂಪ್ರೂವ್ ಬಾಳಲಿಲ್ಲ. ಅದರ ಒಂದಂಶ 1993ರ ಎಕ್ಸೆಲ್ 5ರಲ್ಲಿ ಪಿವಟ್ ಟೇಬಲ್ ಆಗಿ ಉಳಿಯಿತು. ಈ ಇಡೀ ಇತಿಹಾಸದಲ್ಲಿ ಕಾಲಕ್ಕೆ ಮುಂಚೆ ಹುಟ್ಟಿದ ಸಾಫ್ಟ್‌ವೇರ್ ಯಾವುದೆಂದರೆ ಇಂಪ್ರೂವ್ ಎನ್ನಬಹುದು.

ದೊಡ್ಡ ಕಂಪನಿಗಳು ಅಷ್ಟರಲ್ಲಿ ಓಲ್ಯಾಪ್ ಕ್ಯೂಬ್‌ಗಳ ಕಡೆ, ಅಂದರೆ ಅಂಕಿಗಳನ್ನು ಹಲವು ಡೈಮೆನ್ಷನ್‌ಗಳ ಪ್ರಕಾರ ಜೋಡಿಸಿಡುವ ಸಂಗ್ರಹಗಳ ಕಡೆ ಹೊರಳಿದ್ದವು. ಆರ್ಬರ್ ಸಾಫ್ಟ್‌ವೇರ್ ಕಂಪನಿಯ ಎಸ್‌ಬೇಸ್ 1992ರಲ್ಲಿ ಬಂತು. ಮರುವರ್ಷ ಅದೇ ಕಂಪನಿಯ ಹಣದಿಂದ ಸಿದ್ಧವಾದ ಪ್ರಬಂಧದಲ್ಲಿ ಕಾಡ್ ಓಲ್ಯಾಪ್‌ಗೆ 12 ನಿಯಮ ಹಾಕಿಕೊಟ್ಟರು, ಆ ಹಣದ ಕಾರಣಕ್ಕೆ ಟೀಕೆಯನ್ನೂ ಕೇಳಿದರು. ಮೈಕ್ರೋಸಾಫ್ಟ್ 1996ರಲ್ಲಿ ಇಸ್ರೇಲಿನ ಪನೋರಮಾ ಕಂಪನಿಯಿಂದ ಈ ತಂತ್ರಜ್ಞಾನ ಕೊಂಡು 1998ರ ಎಸ್‌ಕ್ಯೂಎಲ್ ಸರ್ವರ್ 7ರ ಜೊತೆಗೆ ಕೊಟ್ಟಿತು. ಕ್ಯೂಬ್‌ಗಳನ್ನು ಪ್ರಶ್ನಿಸುವ ಭಾಷೆ ಎಂಡಿಎಕ್ಸ್. ಅದರ ಕರ್ತೃ ಮೋಶಾ ಪಾಸುಮಾನ್ಸ್ಕಿ. ಎಂಡಿಎಕ್ಸ್ ಶಕ್ತಿವಂತ ಭಾಷೆ, ಆದರೆ ಅಕೌಂಟ್ಸ್ ವಿಭಾಗದವರ ಕೈಗೆ ಎಟುಕುವಂಥದ್ದಲ್ಲ. ಒಂದು ಕಾಲಂ ಸೇರಿಸಲೂ ಐಟಿ ವಿಭಾಗಕ್ಕೆ ಅರ್ಜಿ ಹಾಕಿ ಕಾಯಬೇಕಿತ್ತು.

ಜೆಮಿನೈ ಯೋಜನೆ

ಪನೋರಮಾದಿಂದ ಬಂದ ಅಮೀರ್ ನೆಟ್ಜ್ ಮೈಕ್ರೋಸಾಫ್ಟ್‌ನಲ್ಲಿ ಜೆಮಿನೈ ಎಂಬ ಯೋಜನೆಗೆ ಚಾಲನೆ ಕೊಟ್ಟರು. 2008ರಲ್ಲಿ ಬಹಿರಂಗವಾದ ಇದೇ 2010ರಲ್ಲಿ ಪವರ್ ಪಿವಟ್ ಆಯಿತು. ಎಕ್ಸೆಲ್ ಹಾಳೆಯ ಮಿತಿ 10,48,576 ಸಾಲು. ಪವರ್ ಪಿವಟ್‌ಗೆ ಕೋಟಿಗಟ್ಟಲೆ ಸಾಲು ನುಂಗುವ ಶಕ್ತಿ ಇತ್ತು. ಇದರ ಹಿಂದಿದ್ದದ್ದು ವರ್ಟಿಪ್ಯಾಕ್ ಎಂಜಿನ್. ಅದು ದತ್ತಾಂಶವನ್ನು ಸಾಲುಸಾಲಾಗಿ ಇಡದೆ ಕಾಲಂ ಕಾಲಂ ಆಗಿ ಇಡುತ್ತದೆ. ಕಾಲಂನಲ್ಲಿರುವ ಬೇರೆಬೇರೆ ಮೌಲ್ಯಗಳಿಗೆ ಒಂದು ನಿಘಂಟು ಕಟ್ಟಿ, ಮೌಲ್ಯದ ಬದಲು ಅದರ ಕ್ರಮಸಂಖ್ಯೆಯನ್ನಷ್ಟೇ ಉಳಿಸುತ್ತದೆ. ಆದ್ದರಿಂದ ಮೆಮೊರಿ ತಿನ್ನುವುದು ಸಾಲುಗಳ ಸಂಖ್ಯೆಗಿಂತ ಹೆಚ್ಚಾಗಿ ಬೇರೆಬೇರೆ ಮೌಲ್ಯಗಳ ಸಂಖ್ಯೆ. ಬಿಲ್ಲಿನ ತಾರೀಖು ಮತ್ತು ಸಮಯವನ್ನು ಸೆಕೆಂಡಿನವರೆಗೆ ಒಂದೇ ಕಾಲಂನಲ್ಲಿ ಇಟ್ಟರೆ ಒಂದು ವರ್ಷಕ್ಕೆ 3,15,36,000ದಷ್ಟು ಬೇರೆಬೇರೆ ಮೌಲ್ಯಗಳಿಗೆ ಅವಕಾಶವಿದೆ. ಅದನ್ನೇ ಎರಡು ಕಾಲಂ ಮಾಡಿದರೆ ತಾರೀಖಿಗೆ 365, ಸಮಯಕ್ಕೆ 86,400. ಸೂತ್ರ ಮುಟ್ಟದೆಯೇ ವರದಿ ಹಗುರಾಗುತ್ತದೆ.

ಈ ಎಂಜಿನ್‌ಗೆಂದು ಹೊಸದಾಗಿ ಕಟ್ಟಿದ ಭಾಷೆ ಡ್ಯಾಕ್ಸ್. ಎಕ್ಸೆಲ್ ಬಲ್ಲವರು ಹೆದರದಿರಲೆಂದು ಸಮ್, ಇಫ್ ಮುಂತಾದ ಪರಿಚಿತ ಹೆಸರುಗಳನ್ನೇ ಇಟ್ಟರು. ಎಕ್ಸೆಲ್ ಬಂದರೆ ಡ್ಯಾಕ್ಸ್ ಬಂದ ಹಾಗೇ ಎಂಬ ಆ ಭರವಸೆ ಅರ್ಧ ಮಾತ್ರ ನಿಜ. ಡ್ಯಾಕ್ಸ್‌ನಲ್ಲಿ ಸೆಲ್ ಇಲ್ಲ. ವರದಿಯ ಮೈಸೂರು ಸಾಲು, ಮಾರ್ಚ್ ಕಾಲಂ ಕೂಡುವ ಮನೆಯಲ್ಲಿ ಕಾಣುವ ಅಂಕಿ ಹುಟ್ಟುವುದು ಹೀಗೆ: ಮೊದಲು ಇಡೀ ಮಾದರಿ ಮೈಸೂರಿಗೆ, ಮಾರ್ಚಿಗೆ ಸೋಸಿಕೊಳ್ಳುತ್ತದೆ, ಉಳಿದ ಸಾಲುಗಳ ಮೇಲೆ ಸೂತ್ರ ಓಡುತ್ತದೆ. ಇದು ಫಿಲ್ಟರ್ ಕಾಂಟೆಕ್ಸ್ಟ್. ಟೇಬಲ್‌ನ ಒಂದೊಂದೇ ಸಾಲಿನ ಮೇಲೆ ನಡೆಯುವುದು ರೋ ಕಾಂಟೆಕ್ಸ್ಟ್. ಇವೆರಡರ ನಡುವೆ ದಾಟಿಸುವ, ಸೋಸುವಿಕೆಯನ್ನೇ ಬದಲಿಸುವ ಕ್ಯಾಲ್ಕ್ಯುಲೇಟ್ ಫಂಕ್ಷನ್ ಈ ಭಾಷೆಯ ಜೀವಾಳ, ಕಲಿಯುವವರು ಎಡವುವುದೂ ಅಲ್ಲೇ. ಇದನ್ನು ಬಿಡಿಸಿ ಹೇಳಿದ ಕೀರ್ತಿ ಇಟಲಿಯ ಮಾರ್ಕೊ ರುಸ್ಸೊ ಮತ್ತು ಆಲ್ಬರ್ಟೊ ಫೆರಾರಿ ಅವರದು. ಅವರ ‘ದಿ ಡೆಫಿನಿಟಿವ್ ಗೈಡ್ ಟು ಡ್ಯಾಕ್ಸ್’ 2015ರಲ್ಲಿ, ಪರಿಷ್ಕೃತವಾಗಿ 2019ರಲ್ಲಿ ಬಂತು.

ಸೂತ್ರದ ಶಿಸ್ತು

2012ರಲ್ಲಿ ಅನಾಲಿಸಿಸ್ ಸರ್ವೀಸಸ್ ಮೂಲಕ ಡ್ಯಾಕ್ಸ್ ಸರ್ವರಿಗೆ ಏರಿತು. 2015ರ ಜುಲೈ 24ರಂದು ಪವರ್ ಬಿಐ ಸಾರ್ವಜನಿಕ ಬಳಕೆಗೆ ಬಂತು. ಬಳಕೆ ಹೆಚ್ಚಿದಂತೆ ಬರೆಯುವ ಶಿಸ್ತೂ ರೂಪುಗೊಂಡಿತು. ಮೊದಲ ಪಾಠ ಶೇಕಡಾವಾರಿನದು. ಒಂದು ಕಂಪನಿಯ ಮೈಸೂರು ಅಂಗಡಿ 10 ಲಕ್ಷ ರೂಪಾಯಿ ಮಾರಾಟದಲ್ಲಿ 1 ಲಕ್ಷ ಲಾಭ ಮಾಡಿದೆ, ಹುಬ್ಬಳ್ಳಿಯದು 2 ಲಕ್ಷ ಮಾರಾಟದಲ್ಲಿ 60 ಸಾವಿರ ಲಾಭ ಮಾಡಿದೆ ಎಂದುಕೊಳ್ಳೋಣ. ಮೈಸೂರಿನದು ಶೇ. 10, ಹುಬ್ಬಳ್ಳಿಯದು ಶೇ. 30. ಈ ಶೇಕಡಾವಾರನ್ನು ಕಾಲಂ ಮಾಡಿಟ್ಟು ಸರಾಸರಿ ತೆಗೆದರೆ ವರದಿಯ ತಳದಲ್ಲಿ ಶೇ. 20 ಎಂದು ಬರುತ್ತದೆ. ನಿಜವಾದ ಲಾಭ 12 ಲಕ್ಷಕ್ಕೆ 1.6 ಲಕ್ಷ, ಅಂದರೆ ಶೇ. 13.3. ಅನುಪಾತವನ್ನು ಕಾಲಂನಲ್ಲಿ ಇಡಬಾರದು; ಎರಡು ಮೊತ್ತಗಳನ್ನು ಮೆಷರ್‌ನಲ್ಲಿ, ಅಂದರೆ ವರದಿ ಕೇಳಿದಾಗಷ್ಟೇ ಲೆಕ್ಕವಾಗುವ ಹೆಸರಿಟ್ಟ ಸೂತ್ರದಲ್ಲಿ, ಸೋಸಿದ ಮೇಲೆ, ಡಿವೈಡ್ ಫಂಕ್ಷನ್ನಿನಿಂದ ಭಾಗಿಸಬೇಕು. ಛೇದ ಸೊನ್ನೆಯಾದರೆ ಡಿವೈಡ್ ದೋಷದ ಬದಲು ಖಾಲಿ ಬಿಡುತ್ತದೆ.

ಕ್ಯಾಲ್ಕ್ಯುಲೇಟ್‌ಗೆ ಇಡೀ ಮಾರಾಟ ಟೇಬಲನ್ನು ಸೋಸಿ ಕೊಡುವ ಚಾಳಿ ಇನ್ನೂ ವ್ಯಾಪಕ. ಬೇಕಿರುವುದು ಒಂದು ಕಾಲಂ ಮೇಲಿನ ಷರತ್ತು. ಟೇಬಲ್ ಕೊಟ್ಟರೆ ಅದರ ಜೊತೆ ಸಂಬಂಧವಿರುವ ಡೈಮೆನ್ಷನ್‌ಗಳೆಲ್ಲ ಸೋಸುವಿಕೆಯೊಳಗೆ ಬರುತ್ತವೆ, ವೇಗವೂ ಕುಸಿಯುತ್ತದೆ. 2015ರಲ್ಲಿ ಬಂದ ವೇರಿಯಬಲ್‌ಗಳು ಸೂತ್ರವನ್ನು ಸುಲಭವಾಗಿ ಓದಬಲ್ಲಂತೆ ಮಾಡಿದವು. ಆದರೆ ವೇರಿಯಬಲ್ ಹೆಸರಿಗಷ್ಟೇ ಬದಲಾಗುವಂಥದ್ದು: ಒಮ್ಮೆ ಲೆಕ್ಕವಾದ ಮೌಲ್ಯ ಆಮೇಲೆ ಕ್ಯಾಲ್ಕ್ಯುಲೇಟ್ ಒಳಗೆ ಹಾಕಿದರೂ ಕದಲುವುದಿಲ್ಲ.

ಭಾರತದಲ್ಲಿ ಹೆಚ್ಚು ತೊಂದರೆ ಕೊಡುವುದು ತಾರೀಖು. ಪವರ್ ಬಿಐ ತಾನಾಗಿ ಹುಟ್ಟಿಸುವ ಗುಪ್ತ ತಾರೀಖು ಟೇಬಲ್ ಜನವರಿಯಿಂದ ಡಿಸೆಂಬರಿನ ವರ್ಷವನ್ನು ಹಿಡಿಯುತ್ತದೆ. ನಮ್ಮ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಟೋಟಲ್ ವೈಟಿಡಿ ಫಂಕ್ಷನ್ನಿಗೆ ವರ್ಷಾಂತ್ಯ ಮಾರ್ಚ್ 31 ಎಂದು ಹೇಳದಿದ್ದರೆ ಫೆಬ್ರವರಿ 15ರ ವರದಿ ಹತ್ತೂವರೆ ತಿಂಗಳ ಬದಲು ಒಂದೂವರೆ ತಿಂಗಳ ಮೊತ್ತ ತೋರಿಸುತ್ತದೆ. ಸ್ವಂತ ತಾರೀಖು ಟೇಬಲ್ ಕಟ್ಟಿ, ಹಣಕಾಸು ವರ್ಷ, ತ್ರೈಮಾಸಿಕಗಳ ಕಾಲಂ ಇಟ್ಟು, ಗುಪ್ತ ಟೇಬಲ್ ಆಯ್ಕೆಯನ್ನು ಆಫ್ ಮಾಡುವುದೇ ಇಲ್ಲಿನ ಪದ್ಧತಿಯಾಗಿದೆ. 2017-18ರದು ಇನ್ನೊಂದು ತೊಡಕು. ಆ ವರ್ಷದ ಮೊದಲ ಮೂರು ತಿಂಗಳು ವ್ಯಾಟ್ ಮತ್ತು ಅಬಕಾರಿ ಸುಂಕ, ಜುಲೈ 1ರಿಂದ ಜಿಎಸ್‌ಟಿ. ತೆರಿಗೆ ಸೇರಿದ ಮೊತ್ತವನ್ನಷ್ಟೇ ಉಳಿಸಿಕೊಂಡ ಮಾದರಿಗಳಲ್ಲಿ ಅದರ ಹಿಂದುಮುಂದಿನ ವರ್ಷಗಳ ಹೋಲಿಕೆಗೆ ಅರ್ಥವಿಲ್ಲ. ತೆರಿಗೆಯನ್ನು ಬೇರೆ ಕಾಲಂನಲ್ಲಿ ಇಟ್ಟವರು ಪಾರಾದರು. ಲಕ್ಷ, ಕೋಟಿಯ ವಿಷಯವೂ ಇದೆ: ಪವರ್ ಬಿಐಯ ಸಿದ್ಧ ಘಟಕಗಳಲ್ಲಿ ಸಾವಿರ, ಮಿಲಿಯನ್, ಬಿಲಿಯನ್ ಉಂಟು; ಲಕ್ಷ, ಕೋಟಿ ಇಲ್ಲ. 2023ರಲ್ಲಿ ಮೆಷರ್‌ನ ಫಾರ್ಮ್ಯಾಟನ್ನೇ ಸೂತ್ರದಿಂದ ಬದಲಿಸುವ ಸೌಲಭ್ಯ ಬಂದ ಮೇಲೆ ಈ ಗೋಳು ಕಡಿಮೆಯಾಗಿದೆ.

ಈಚಿನ ಬೆಳವಣಿಗೆ

ಡ್ಯಾಕ್ಸ್ ಸ್ಟುಡಿಯೋ, ಟ್ಯಾಬ್ಯುಲರ್ ಎಡಿಟರ್‌ನಂಥ ಉಪಕರಣಗಳನ್ನು ಮೊದಲು ಕಟ್ಟಿದ್ದು ಮೈಕ್ರೋಸಾಫ್ಟ್ ಅಲ್ಲ, ಬಳಕೆದಾರರು. ಸೂತ್ರ ಎಲ್ಲಿ ಹೊತ್ತು ಕಳೆಯುತ್ತದೆ, ಯಾವ ಕಾಲಂ ಮೆಮೊರಿ ತಿನ್ನುತ್ತದೆ ಎಂದು ಜನ ಕಣ್ಣಾರೆ ನೋಡಿದ್ದು ಇವುಗಳಿಂದಲೇ. 2019ರ ಕ್ಯಾಲ್ಕ್ಯುಲೇಷನ್ ಗ್ರೂಪ್‌ಗಳು ‘ಈ ವರ್ಷ’, ‘ಕಳೆದ ವರ್ಷ’, ‘ವ್ಯತ್ಯಾಸ’ ಎಂದು ಪ್ರತಿ ಮೆಷರಿಗೂ ಮೂರು ಮೂರು ನಕಲು ಬರೆಯುವ ಕೆಲಸ ತಪ್ಪಿಸಿದವು. ಮಾದರಿಗೆ ಒತ್ತು ಕೊಡುವ ಹಾದಿಯಲ್ಲಿ ಬೇರೆ ಕಂಪನಿಗಳೂ ಇವೆ: ಟ್ಯಾಬ್ಲೋ 2020ರಲ್ಲಿ ಟೇಬಲ್‌ಗಳ ಸಂಬಂಧವನ್ನು ಮಾದರಿಯ ಭಾಗ ಮಾಡಿತು, ಲುಕರ್ ಮಾದರಿಗೆಂದೇ ಒಂದು ಭಾಷೆ ಕಟ್ಟಿತು. ದತ್ತಾಂಶವನ್ನು ಆದಷ್ಟು ಮೂಲದ ಹತ್ತಿರವೇ ಹಸನು ಮಾಡಿಕೊಳ್ಳಬೇಕು, ಆ ಕೆಲಸವನ್ನು ವರದಿಯ ಕಡೆಗೆ ಇಳಿಸುವುದು ಅನಿವಾರ್ಯವಾದಾಗ ಮಾತ್ರ ಎಂದು ಮೈಕ್ರೋಸಾಫ್ಟ್‌ನ ಮ್ಯಾಥ್ಯೂ ರೋಷ್ 2021ರಲ್ಲಿ ಹೇಳಿದ್ದು ಈ ಕ್ಷೇತ್ರದವರ ಬಾಯಲ್ಲಿ ನಿಂತಿದೆ. 2023ರಲ್ಲಿ ಪವರ್ ಬಿಐ ತನ್ನ ‘ಡೇಟಾಸೆಟ್’ಗಳನ್ನು ‘ಸೆಮ್ಯಾಂಟಿಕ್ ಮಾಡೆಲ್’ ಎಂದು ಕರೆಯತೊಡಗಿತು.

2024ರ ಫೆಬ್ರವರಿಯಲ್ಲಿ ಬಂದ ವಿಷುವಲ್ ಕ್ಯಾಲ್ಕ್ಯುಲೇಷನ್ ಮಾತ್ರ ಎದುರು ದಿಕ್ಕಿನದು. ಇಲ್ಲಿ ಸೂತ್ರವನ್ನು ಮಾದರಿಯಲ್ಲಿ ಬರೆಯದೆ ವರದಿಯ ಒಂದು ಕೋಷ್ಟಕದ ಮೇಲೆ, ಎಕ್ಸೆಲ್‌ನ ರೀತಿ, ನೇರ ಬರೆಯಬಹುದು. ಅದು ಆ ಕೋಷ್ಟಕದಲ್ಲೇ ಇರುತ್ತದೆ, ಬೇರೆ ವರದಿಗೆ ಸಿಗುವುದಿಲ್ಲ. ಕ್ರಮವಾಗಿ ಏರುವ ಮೊತ್ತ, ಹಿಂದಿನ ಸಾಲಿನ ಜೊತೆ ಹೋಲಿಕೆ ಇಂಥವಕ್ಕೆ ಇದು ಸಲೀಸು, ಹೊಸಬರಿಗೆ ದೊಡ್ಡ ಅನುಕೂಲ. ಕಂಪನಿಯ ಲಾಭವೆಂದರೇನು ಎಂಬ ಲೆಕ್ಕವನ್ನು ಅಲ್ಲಿ ಬರೆದಿಡುವುದು ಸಲ್ಲದು. ಅದು ಮಾದರಿಯಲ್ಲಿ, ಮೆಷರ್ ಆಗಿ, ಒಂದೇ ಕಡೆ ಇರಬೇಕು.