ತಿರುಗಣೆಯ ಕಂಬವೂ ಪರಮಾಣುವೂ

ಬೇಲೂರಿನ ಚೆನ್ನಕೇಶವನ ಗುಡಿ ಪ್ರತಿಷ್ಠೆಗೊಂಡದ್ದು 1117ರಲ್ಲಿ. ಅಲ್ಲಿಯೂ ಹಳೇಬೀಡಿನಲ್ಲಿಯೂ ಅರಸೀಕೆರೆಯ ಈಶ್ವರ ಗುಡಿಯಲ್ಲಿಯೂ ತಿರುಗಣೆಯಲ್ಲಿ ಕಡೆದ ಕಂಬಗಳನ್ನು ಕೇಳುಗರಲ್ಲಿ ಅನೇಕರು ಕಂಡಿರಬಹುದು. ಕಲ್ಲನ್ನು ಮೆಲ್ಲಗೆ ತಿರುಗಿಸುವುದೋ ಬಿರುಸಾಗಿ ತಿರುಗಿಸುವುದೋ ರೂವಾರಿಯ ಇಚ್ಛೆಗೆ ಬಿಟ್ಟದ್ದು. ಪರಮಾಣುವಿನೊಳಗೆ ಆ ಸ್ವಾತಂತ್ರ್ಯವಿಲ್ಲವೆಂದು ತಿಳಿದಾಗ, ಕನ್ನಡ ಪಾಠ ಹೇಳುತ್ತಿದ್ದ ನನಗೂ ಭೌತವಿಜ್ಞಾನದ ಚರಿತ್ರೆಯಲ್ಲಿ ಕುತೂಹಲ ಹುಟ್ಟಿತು.

ಸುತ್ತುವ ವಸ್ತುವಿನ ದ್ರವ್ಯರಾಶಿ, ವೇಗ, ನಡುವಿನಿಂದ ಅದಕ್ಕಿರುವ ದೂರ, ಈ ಮೂರರ ಗುಣಲಬ್ಧವನ್ನು ಕೋನೀಯ ಸಂವೇಗ ಎನ್ನುತ್ತಾರೆ. ಇಲೆಕ್ಟ್ರಾನಿನ ಪಾಲಿಗೆ ಅದು ಒಂದು ಗೊತ್ತಾದ ಅಳತೆಯ ಒಂದರಷ್ಟು, ಎರಡರಷ್ಟು, ಮೂರರಷ್ಟು ಇರಬಹುದು; ಒಂದೂವರೆಯಷ್ಟು ಇರಕೂಡದು. 1912ರಲ್ಲಿ ನಿಕಲ್ಸನ್ ಸೂಚಿಸಿದ ಈ ನಿಯಮ 1913ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರ್ ಅವರ ಪರಮಾಣುವಿನಲ್ಲಿ ನೆಲೆ ಕಂಡಿತು. ಜಲಜನಕದ ರೋಹಿತದ ರೇಖೆಗಳು ಲೆಕ್ಕಕ್ಕೆ ಸಿಕ್ಕಿದವು.

ಫಾಲ್ಗುಣದ ಇರುಳುಗಳಲ್ಲಿ ಅರಸೀಕೆರೆಯಿಂದಲೂ ದಕ್ಷಿಣಕ್ಕೆ ಕಾಣುವ ನೌಕಾಪುಂಜದ ನಕ್ಷತ್ರವೊಂದರಲ್ಲಿ ಪಿಕರಿಂಗ್ 1896ರಲ್ಲಿ ವಿಚಿತ್ರ ರೇಖೆಗಳನ್ನು ಗುರುತಿಸಿದ್ದರು. ಅವು ಜಲಜನಕದವೆಂದೇ ಎಲ್ಲರೂ ನಂಬಿದ್ದರು. ಬೋರ್ ಮಾತ್ರ, ಅವು ಒಂದು ಇಲೆಕ್ಟ್ರಾನನ್ನು ಕಳೆದುಕೊಂಡ ಹೀಲಿಯಮ್ಮಿನವು ಎಂದರು. 1868ರ ಸೂರ್ಯಗ್ರಹಣವನ್ನು ನಮ್ಮ ಜಮಖಂಡಿಯಲ್ಲಿಯೂ ವೀಕ್ಷಿಸಿದ್ದರಲ್ಲವೆ? ಹೀಲಿಯಮ್ಮಿನ ಸುಳಿವು ದೊರೆತದ್ದು ಆ ಗ್ರಹಣದ ಕಾಲದಲ್ಲೇ.

ಬೋರ್ ಲೆಕ್ಕದಂತೆ ಹೀಲಿಯಮ್ಮಿನ ಸ್ಥಿರಾಂಕ ಜಲಜನಕದ್ದರ ಸರಿಯಾಗಿ 4 ಪಟ್ಟಿರಬೇಕು. ಲಂಡನ್ನಿನ ಫೌಲರ್ ಅಳೆದುನೋಡಿ, ಅದು 4.0016 ಎಂದು ಆಕ್ಷೇಪಿಸಿದರು. ಇಷ್ಟು ಸಣ್ಣ ಅಂತರವನ್ನು ಅಲಕ್ಷಿಸಬಹುದಿತ್ತು. ಆದರೆ ರೋಹಿತಶಾಸ್ತ್ರದ ಅಳತೆ ಅಷ್ಟು ಸೂಕ್ಷ್ಮವಾದದ್ದು. ಹೊಸ ಸಿದ್ಧಾಂತದ ಅಳಿವು ಉಳಿವು ಆ ಚೂರಿನಲ್ಲಿತ್ತು.

ಬೋರ್ ಉತ್ತರ ಸರಳವಾಗಿತ್ತು. ಬೀಜವು ನೆಟ್ಟ ಕಂಬದಂತೆ ನಿಶ್ಚಲವೆಂದು ಅವರು ಮೊದಲು ಭಾವಿಸಿದ್ದರು. ಮಗುವಿನ ಕೈಹಿಡಿದು ಗಿರಗಿರನೆ ಸುತ್ತಿಸುವ ತಂದೆ ತಾನೂ ತುಸು ಸುತ್ತುತ್ತಾನೆ, ಹಾಗೆಯೇ ಬೀಜವೂ. ಇಬ್ಬರ ದ್ರವ್ಯರಾಶಿಯನ್ನೂ ಸೇರಿಸಿ ಒಂದೇ ಎಂಬಂತೆ ಎಣಿಸುವುದೇ ತಗ್ಗಿಸಿದ ದ್ರವ್ಯರಾಶಿ. ಹೀಲಿಯಮ್ಮಿನ ಬೀಜ ನಾಲ್ಕು ಪಟ್ಟು ಭಾರ, ಆದ್ದರಿಂದ ಅದರ ಅಲುಗಾಟ ಕಡಿಮೆ. ಲೆಕ್ಕ ತಿದ್ದಿದಾಗ ಬಂದದ್ದು 4.00163!

1931ರಲ್ಲಿ ಯೂರಿ ಭಾರಜಲಜನಕವನ್ನು ಪತ್ತೆಮಾಡಿದ್ದೂ ಇದೇ ಸೂಕ್ಷ್ಮದಿಂದ. ಬೋರ್ ಕಲ್ಪಿಸಿದ ಕಕ್ಷೆಗಳನ್ನು 1926ರ ವೇಳೆಗೆ ವಿಜ್ಞಾನ ಕೈಬಿಟ್ಟಿತು. ಕೋನೀಯ ಸಂವೇಗದ ಎಣಿಕೆಯೂ ಬೀಜದ ಅಲುಗಾಟದ ಲೆಕ್ಕವೂ ಉಳಿದವು. ಸಿದ್ಧಾಂತವನ್ನು ಕೆಡಹಲು ಬಂದ ಆಕ್ಷೇಪವೇ ಅದಕ್ಕೆ ಆಧಾರಸ್ತಂಭವಾಯಿತು. ಫೌಲರ್ ಅಷ್ಟು ನಿಷ್ಠುರವಾಗಿ ಅಳೆಯದಿದ್ದರೆ ಬೋರ್ ಗೆಲುವೂ ಅಷ್ಟು ನಿಚ್ಚಳವಾಗುತ್ತಿರಲಿಲ್ಲ.