ಗೋರಕ್ಷನ ವಜ್ರಕಾಯವೂ ಅಲ್ಲಮನ ಬಯಲೂ

ಸ್ವಾತ್ಮಾರಾಮಯೋಗಿಯ ‘ಹಠಯೋಗಪ್ರದೀಪಿಕೆ’ಯು ಕ್ರಿ. ಶ. 15ನೆಯ ಶತಮಾನದ ಕೃತಿ. ಅದರ ಆದಿಭಾಗದಲ್ಲಿ ಗ್ರಂಥಕಾರನು ಹಠಯೋಗದಿಂದ ಮೃತ್ಯುವನ್ನು ಗೆದ್ದ ಸಿದ್ಧರ ನಾಮಾವಳಿಯೊಂದನ್ನು ಕೊಟ್ಟಿರುವನು. ಆದಿನಾಥ, ಮತ್ಸ್ಯೇಂದ್ರ, ಗೋರಕ್ಷ ಮುಂತಾಗಿ ಸಾಗುವ ಆ ಸಾಲಿನಲ್ಲಿ ಕನ್ನಡ ವಾಚಕನು ತಟ್ಟನೆ ನಿಲ್ಲುವ ಹೆಸರೊಂದುಂಟು: ಅಲ್ಲಮ. ಅದರ ಒತ್ತಿನಲ್ಲಿಯೇ ಪ್ರಭುದೇವನೆಂಬ ಹೆಸರೂ ಇರುವುದು. ಇವರು ಇಬ್ಬರೆಂದು ಎಣಿಸುವವರೂ ಉಂಟು. ಆದರೆ ಕನ್ನಡ ನಾಡಿನಲ್ಲಿ ಈ ಎರಡು ಹೆಸರುಗಳೂ ಒಬ್ಬನವೇ ಎಂಬುದನ್ನು ಬಲ್ಲವರಿಗೆ ಸಂಶಯಕ್ಕೆ ಎಡೆಯಿಲ್ಲ.

ವಿಚಿತ್ರವೇನೆಂದರೆ, ಅದೇ ಶತಮಾನದಲ್ಲಿ ಕನ್ನಡ ಕಾವ್ಯವು ಇದಕ್ಕೆ ತೀರ ವಿರುದ್ಧವಾದ ಕಥೆಯನ್ನು ಹೇಳುತ್ತಿದ್ದಿತು. ವಿಜಯನಗರದ ಪ್ರೌಢದೇವರಾಯನ (1424–1446) ಕಾಲದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನನ್ನು ಗೋರಕ್ಷನ ಎದುರು ನಿಲ್ಲಿಸಿದನು. ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಯಲ್ಲಿಯೂ ಈ ಪ್ರಸಂಗವು ಬರುವುದು. ಗೋರಕ್ಷನಿಗೆ ತನ್ನ ಶರೀರದ ಹೆಮ್ಮೆ. ವಜ್ರದಂತಾದ ಈ ಕಾಯಕ್ಕೆ ಅಳಿವಿಲ್ಲವೆಂದು ಹೇಳಿ, ಕತ್ತಿಯನ್ನು ಕೈಗೆ ಕೊಟ್ಟು ಪರೀಕ್ಷಿಸೆನ್ನುವನು. ಅಲ್ಲಮನು ಹೊಡೆದಾಗ ಲೋಹದ ಮೇಲೆ ಬಿದ್ದಂತೆ ಖಣಿಲೆಂದು ಶಬ್ದವಾಯಿತೇ ಹೊರತು ದೇಹವು ಕೊಂಕಲಿಲ್ಲ. ಅಲ್ಲಮನು ಬೆರಗಾಗಲಿಲ್ಲ. ಅದೇ ಕತ್ತಿಯನ್ನು ಹಿಂದಕ್ಕೆ ಕೊಟ್ಟು ತನ್ನನ್ನು ಹೊಡೆಯೆಂದನು. ಗೋರಕ್ಷನು ಬೀಸಿದ ಕತ್ತಿಯು ಬಯಲಿನಲ್ಲಿ ಆಡಿದಂತೆ ಅಲ್ಲಮನ ಮೂಲಕ ಹಾದುಹೋಯಿತು. ತಾಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಶಬ್ದ ಮಾಡುವ ಶರೀರದಲ್ಲಿ ‘ನಾನು’ ಎಂಬುದು ಇನ್ನೂ ಗಟ್ಟಿಯಾಗಿ ಉಳಿದಿರುವುದೆಂದು ಗೋರಕ್ಷನಿಗೆ ಆಗ ಅರಿವಾಗಿ, ಅವನು ಶರಣಾಗುವನು.

ಈ ಭೇಟಿಯು ನಡೆದುದೆಂದು ಚರಿತ್ರಕಾರನು ಸಾಧಿಸಲಾರನು. ಅಲ್ಲಮನು 12ನೆಯ ಶತಮಾನದವನು. 1290ರಲ್ಲಿ ಮುಗಿದ ‘ಜ್ಞಾನೇಶ್ವರಿ’ಯ ಗುರುಪರಂಪರೆಯಲ್ಲಿ ಗೋರಕ್ಷನಿಂದ ಗಹಿನೀನಾಥನಿಗೆ, ಅವನಿಂದ ನಿವೃತ್ತಿನಾಥನಿಗೆ, ಅವನಿಂದ ಜ್ಞಾನೇಶ್ವರನಿಗೆ ಉಪದೇಶವಿಳಿದ ಕ್ರಮವು ಹೇಳಿದೆ. ಇದನ್ನು ನಂಬಿದರೆ ಇಬ್ಬರ ಕಾಲಗಳೂ ಬಹು ದೂರವಾಗವು. ಅಷ್ಟರಿಂದಲೇ ಭೇಟಿಯು ಸಿದ್ಧವಾಗುವುದೂ ಇಲ್ಲ. ನಾಥಪಂಥವು ಈ ನಾಡಿಗೆ ಅಪರಿಚಿತವಾಗಿರಲಿಲ್ಲವೆಂಬುದಕ್ಕೆ ಮಂಗಳೂರಿನ ಕದಿರೆಯ ಜೋಗಿಮಠವೇ ಸಾಕ್ಷಿ. ಆದುದರಿಂದ ಎರಡು ಪಂಥಗಳ ನಿಜವಾದ ವಿವಾದವೊಂದು ಈ ಕಥೆಯ ರೂಪವನ್ನು ತಾಳಿತೆಂದು ಭಾವಿಸುವುದೇ ಯುಕ್ತ.

ಆದರೆ ಈ ವಿವಾದವು ಯೋಗಕ್ಕೆ ಹೊರಗಿನದೆಂದು ತಿಳಿಯುವುದು ತಪ್ಪು. ಪತಂಜಲಿಯು ತನ್ನ ಸೂತ್ರಗಳ ಮೂರನೆಯ ಪಾದದಲ್ಲಿ ರೂಪ, ಲಾವಣ್ಯ, ಬಲಗಳೊಡನೆ ವಜ್ರದಂತಹ ದೃಢತೆಯನ್ನೂ ಕಾಯಸಂಪತ್ತೆಂದು ಎಣಿಸಿರುವನು. ಗೋರಕ್ಷನು ಮೆರೆದ ಸಿದ್ಧಿಯು ಅಲ್ಲಿಯದೇ. ಆದರೆ ಅದೇ ಪಾದದಲ್ಲಿ ಸೂತ್ರಕಾರನು ಇಂತಹ ಸಿದ್ಧಿಗಳನ್ನು ಸಮಾಧಿಗೆ ವಿಘ್ನಗಳೆಂದೂ ಹೇಳಿ, ಅತ್ಯುಚ್ಚವಾದ ಸಿದ್ಧಿಯಲ್ಲಿಯೂ ವೈರಾಗ್ಯ ಹುಟ್ಟಿದಾಗಲೇ ಕೈವಲ್ಯವೆಂದಿರುವನು. ದೃಶ್ಯವಾದ ಪ್ರಕೃತಿಯಿಂದ ದ್ರಷ್ಟೃವಾದ ಪುರುಷನನ್ನು ಬೇರ್ಪಡಿಸಿ ಅರಿಯುವುದೇ ಅವನ ಶಾಸ್ತ್ರದ ಗುರಿ. ಎಷ್ಟು ಗಟ್ಟಿಯಾದರೂ ಶರೀರವು ದೃಶ್ಯದ ಕಡೆಯದೇ ಆಗಿರುವುದು.

ಸ್ವಾತ್ಮಾರಾಮನಿಗೂ ನ್ಯಾಯವನ್ನು ಸಲ್ಲಿಸಬೇಕು. ಹಠವಿದ್ಯೆಯನ್ನು ತಾನು ಉಪದೇಶಿಸುವುದು ರಾಜಯೋಗಕ್ಕಾಗಿಯೇ ಎಂದು ಆತನು ಮೊದಲೇ ಹೇಳಿಕೊಂಡಿರುವನು; ರಾಜಯೋಗವನ್ನರಿಯದೆ ಹಠದಲ್ಲಿಯೇ ತೊಡಗಿದವರ ಶ್ರಮವು ನಿಷ್ಫಲವೆಂಬುದು ಅವನ ನಾಲ್ಕನೆಯ ಉಪದೇಶದ ಮಾತು. ಇತ್ತ ಅಲ್ಲಮನ ವಚನಗಳಲ್ಲಿಯೂ ನಾದ, ಬಿಂದು, ಪವನಗಳ ಪರಿಭಾಷೆಯು ಹೆಜ್ಜೆಹೆಜ್ಜೆಗೂ ತೊಡರುವುದು. ಯೋಗವನ್ನರಿಯದವನು ಆಡುವ ಮಾತುಗಳಲ್ಲ ಅವು. ನಾಥರು ಅವನನ್ನು ತಮ್ಮವನೆಂದುಕೊಂಡುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹೀಗೆ ಕನ್ನಡ ಕವಿಯು ಗೋರಕ್ಷನನ್ನು ಅಲ್ಲಮನ ಪಾದದಲ್ಲಿ ಇರಿಸಿದನು. ಸಂಸ್ಕೃತ ಗ್ರಂಥಕಾರನು ಅಲ್ಲಮನನ್ನು ಗೋರಕ್ಷನ ಪಂಕ್ತಿಯಲ್ಲಿ ಕುಳ್ಳಿರಿಸಿದನು. ಒಬ್ಬರ ಗ್ರಂಥವನ್ನು ಮತ್ತೊಬ್ಬರು ಕಂಡಿದ್ದಂತೆ ತೋರುವುದಿಲ್ಲ.